ಹದಿನಾರನೇ ಸುತ್ತು

ಮಾರ್ಚ್ 3, ಸೋಮವಾರ

ಈ ನೋಟ್‌ಬುಕ್ ಅಕ್ಕ ಕೊಟ್ಟದ್ದು. ದಿನಾ ಸಂಜೆ ಅವಳ ತಲೆ ತಿನ್ನುವ ಬದಲು ಇದರ ತಲೆ ತಿನ್ನಬೇಕಂತೆ.

ಹತ್ತನೇ ತರಗತಿ ಮುಗಿಸಿ ನಾಲ್ಕು ವರ್ಷವಾಯಿತು. ಅಷ್ಟರಲ್ಲಿ ಸೈಕಲ್ ಅಂಗಡಿ, ಬೇಕರಿ, ಕೊರಿಯರ್, ಲಿಫ್ಟು, ನಂಬರ್ ಪ್ಲೇಟ್ ಬರೆಯುವ ಅಂಗಡಿ ಎಂದು ಐದು ಕೆಲಸ ಹಿಡಿದು ಐದೂ ಬಿಟ್ಟಿದ್ದೇನೆ. ಲಿಫ್ಟಿನ ಕೆಲಸ ಬಿಟ್ಟದ್ದರಲ್ಲಿ ಮಾತ್ರ ನನ್ನ ತಪ್ಪಿಲ್ಲ. ಇಡೀ ದಿನ ಓಡಾಡಿದರೂ ಸಂಜೆಗೆ ಎಲ್ಲಿಗೂ ಹೋಗಿರುವುದಿಲ್ಲ.

ಆರನೆಯದು ಇವತ್ತು ಶುರುವಾಯಿತು. ಭಾವ ಊರಿನ ವಾದ್ಯವೃಂದದಲ್ಲಿ ನಿಂತುಕೊಂಡು ನುಡಿಸುವ ದೊಡ್ಡ ಪಿಟೀಲು ನುಡಿಸುತ್ತಾರೆ. ಅದು ಅವರಿಗಿಂತ ಎತ್ತರ. ಸಭಾಂಗಣದ ಹಿಂದೆ ನುಡಿಸುವವರ ಹಾಳೆ ಬರೆಯುವ ಒಂದು ಕೋಣೆ ಇದೆ, ಅಲ್ಲಿಗೆ ಕೈ ನಡುಗದವನೊಬ್ಬ ಬೇಕು ಎಂದಾಗ ಭಾವ ನನ್ನ ಹೆಸರು ಹೇಳಿದರು. ತಲೆ ಹೇಗೋ ಏನೋ, ಕೈ ಮಾತ್ರ ಗಟ್ಟಿ ಅಂದರಂತೆ.

ಏಪ್ರಿಲ್ ಐದಕ್ಕೆ ಕಾರ್ಯಕ್ರಮ. "ಅಲ್ಲಿವರೆಗೂ ಒಂದು ಕಡೆ ಕೂತ್ಕೋ ಬುಗುರಿ. ಆಮೇಲೆ ಚಂದ್ರಲೋಕಕ್ಕೆ ಬೇಕಾದ್ರೂ ಹೋಗು," ಅಂದಳು ಅಕ್ಕ.

ಚಂದ್ರಲೋಕಕ್ಕಲ್ಲ, ಲಾರಿ ಕಂಪನಿಗೆ ಅರ್ಜಿ ಹಾಕಿದ್ದೇನೆ. ಮೂರು ದಿನ ಹೋಗಿ ಮೂರು ದಿನ ಬರುವ ದೂರದ ಲಾರಿಗಳು. ಇಪ್ಪತ್ತೊಂಬತ್ತಕ್ಕೆ ಸಂದರ್ಶನ. ಇದು ಅಕ್ಕನಿಗೆ ಗೊತ್ತಿಲ್ಲ.

ಮಾರ್ಚ್ 5, ಬುಧವಾರ

ಕೋಣೆಯ ಯಜಮಾನರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಾರೆ. ಎಪ್ಪತ್ತು ದಾಟಿದೆ. ಕಿವಿಯ ಮೇಲೊಂದು ಪೆನ್ಸಿಲು, ಜೇಬಿನಲ್ಲೊಂದು, ಇನ್ನೊಂದನ್ನು ಸದಾ ಹುಡುಕುತ್ತಿರುತ್ತಾರೆ. ಕೆಲಸ ಏನೆಂದರೆ, ಇನ್ನೂರು ಮುನ್ನೂರು ವರ್ಷದ ಹಿಂದೆ ಯಾರೋ ಒಬ್ಬರೋ ಇಬ್ಬರೋ ನುಡಿಸಲಿ ಎಂದು ಬರೆದಿಟ್ಟ ಸಂಗೀತವನ್ನು ಇವರು ಅರವತ್ತು ಜನ ನುಡಿಸುವ ಹಾಗೆ ಹಿಗ್ಗಿಸಿ ಬರೆಯುತ್ತಾರೆ. ನಲವತ್ತು ವರ್ಷದಿಂದ ಇದೇ. ಗೋಡೆ ತುಂಬ ಕಟ್ಟುಗಳಿವೆ. ಕೊನೆಯ ಕಟ್ಟನ್ನು ನುಡಿಸಿದ್ದು ಒಂಬತ್ತು ವರ್ಷದ ಹಿಂದೆ.

ಈಗ ಬರೆಯುತ್ತಿರುವುದು ಕೀಲಿಮಣೆ ವಾದ್ಯದ ಒಂದು ಪುಟ್ಟ ರಚನೆ. ಬರೆದವನ ಹೆಸರೂ ಉಳಿದಿಲ್ಲ. ಎಡಗೈಯಲ್ಲಿ ಎಂಟು ಮನೆಯ ಒಂದು ತುಂಡು ಇದೆ. (ಹಾಳೆಯಲ್ಲಿ ನೆಟ್ಟಗೆ ನಿಂತ ಎರಡು ಗೆರೆಗಳ ನಡುವಿನ ಜಾಗಕ್ಕೆ ಅವರು ಬೇರೆ ಏನೋ ಅನ್ನುತ್ತಾರೆ, ನಾನು ಮನೆ ಅನ್ನುತ್ತೇನೆ.) ಆ ತುಂಡು ಮೂವತ್ತು ಸಲ ಹಾಗೇ ತಿರುಗಿ ತಿರುಗಿ ಬರುತ್ತದೆ. ಮೇಲೆ ಬಲಗೈ ಮಾತ್ರ ಪ್ರತಿ ಸುತ್ತಿಗೂ ಹೊಸದೇನಾದರೂ ಮಾಡುತ್ತದೆ. ಎಡಗೈಯ ಪಾಲು ಭಾವನ ದೊಡ್ಡ ಪಿಟೀಲುಗಳಿಗೆ ಬಿದ್ದಿದೆ. ಮೂವತ್ತು ಸಲ ಅದೇ ಎಂಟು ಮನೆ. ನನಗೆ ಕೊಟ್ಟಿದ್ದರೆ ನಾಲ್ಕನೇ ಸುತ್ತಿಗೆ ವಾದ್ಯ ಅಲ್ಲೇ ಒರಗಿಸಿ ಟೀ ಕುಡಿಯಲು ಹೋಗುತ್ತಿದ್ದೆ.

ಬಲಗೈಯ ಪಾಲನ್ನು ಮೇಷ್ಟ್ರು ಐವತ್ತಾರು ಜನರಿಗೆ ಹಂಚಿದ್ದಾರೆ. ಕೊಳಲು, ಪಿಟೀಲು, ತುತ್ತೂರಿ, ನಗಾರಿ, ಎಲ್ಲರಿಗೂ ಎಲ್ಲ ಕಡೆಯೂ ಕೆಲಸ. ಮದುವೆ ಫೋಟೋದಲ್ಲಿ ಯಾರೂ ಬಿಟ್ಟುಹೋಗಬಾರದು ಎಂದು ನಿಲ್ಲಿಸಿದ ಹಾಗೆ.

ಹೊಸದಾಗಿ ಬಂದಿರುವ ನಿರ್ದೇಶಕಿ ಇವತ್ತು ಕೋಣೆಗೆ ಬಂದಿದ್ದರು. ಕೈಯಲ್ಲಿ ಕಡ್ಡಿ ಹಿಡಿದು ಎಲ್ಲರನ್ನೂ ನಡೆಸುವವರು ಇವರೇ. ಮಾತೂ ಕಡ್ಡಿ ಮುರಿದ ಹಾಗೆ. ಹಾಳೆ ತಿರುವಿ ನೋಡಿ, "ಇದು ತೆಳ್ಳಗಿನ ಮನುಷ್ಯ ಮೇಷ್ಟ್ರೇ. ನೀವು ಏಳು ಕಂಬಳಿ ಹೊದಿಸಿದ್ದೀರಿ. ಪಾಪ, ಉಸಿರಾಡ್ತಿದ್ದಾನಾ ನೋಡಿ," ಅಂದರು. ಇಪ್ಪತ್ತೊಂದಕ್ಕೆ ಎಲ್ಲರನ್ನೂ ಕೂರಿಸಿ ಒಂದು ಸಲ ನುಡಿಸಿ ನೋಡುತ್ತಾರಂತೆ. ಹಿಡಿಸಿದರೆ ಕಾರ್ಯಕ್ರಮದಲ್ಲಿ ಇದಕ್ಕೆ ಜಾಗ. ಇಲ್ಲದಿದ್ದರೆ ಎಂಟೇ ಜನ ಹಳೆಯ ರೀತಿಯಲ್ಲಿ ನುಡಿಸುತ್ತಾರೆ, ಈ ಕೋಣೆಯಲ್ಲಿ ಕುರ್ಚಿ ಪೇರಿಸುತ್ತಾರೆ.

ಅವರು ಹೋದ ಮೇಲೆ ಮೇಷ್ಟ್ರು ಕೊಳಲಿಗೆ ಇನ್ನೂ ನಾಲ್ಕು ಮನೆ ಕೆಲಸ ಕೊಟ್ಟರು.

ಮಾರ್ಚ್ 11, ಮಂಗಳವಾರ

ನನ್ನ ಕೆಲಸ ಇಷ್ಟು: ಮೇಷ್ಟ್ರ ದೊಡ್ಡ ಪ್ರತಿಯಲ್ಲಿ ಅರವತ್ತು ಜನರ ಸಾಲು ಒಂದರ ಕೆಳಗೊಂದು ಇರುತ್ತದೆ. ಅದರಿಂದ ಒಬ್ಬೊಬ್ಬರದ್ದನ್ನು ಬಿಡಿಸಿ ಅವರವರ ಹಾಳೆಗೆ ಶಾಯಿಯಲ್ಲಿ ಬರೆಯಬೇಕು. ನನಗೆ ಸ್ವರ ಓದಲು ಬರುವುದಿಲ್ಲ. ಕಾಳು ಯಾವ ಗೆರೆಯ ಮೇಲೆ ಕೂತಿದೆ, ಬಾಲ ಮೇಲಕ್ಕೋ ಕೆಳಕ್ಕೋ ಎಂದು ನೋಡಿಕೊಂಡು ಬರೆಯುತ್ತೇನೆ. ನಂಬರ್ ಪ್ಲೇಟ್ ಬರೆಯುವವನು ಗಾಡಿ ಓಡಿಸಬೇಕೆಂದೇನಿಲ್ಲ. ಇದನ್ನು ಬಾಯ್ತಪ್ಪಿ ಹೇಳಿಬಿಟ್ಟೆ. ಅಂದಿನಿಂದ ಮೇಷ್ಟ್ರು ನನ್ನನ್ನು ನಂಬರ್ ಪ್ಲೇಟು ಎಂದೇ ಕರೆಯುತ್ತಾರೆ.

ಹಾಳೆ ತಿರುವುವ ವಿಷಯದಲ್ಲಿ ಇಷ್ಟುದ್ದ ಶಾಸ್ತ್ರ ಇದೆ ಎಂದು ಗೊತ್ತಿರಲಿಲ್ಲ. ನುಡಿಸುವವರ ಎರಡೂ ಕೈಗೆ ಕೆಲಸ ಇರುತ್ತದೆ, ಹಾಳೆ ತಿರುವುವುದು ಯಾವ ಕೈಯಿಂದ? ಪಿಟೀಲಿನವರಾದರೆ ಇಬ್ಬರಿಗೆ ಒಂದು ಸ್ಟ್ಯಾಂಡು. ಒಬ್ಬರು ತಿರುವುವಾಗ ಇನ್ನೊಬ್ಬರು ಬಿಡದೆ ನುಡಿಸುತ್ತಾರೆ. ಊದುವವರಿಗೆ ಒಬ್ಬೊಬ್ಬರಿಗೂ ಒಂದೊಂದು ಸ್ಟ್ಯಾಂಡು, ಅವರು ನಿಲ್ಲಿಸಿಯೇ ತಿರುವಬೇಕು. ಆದ್ದರಿಂದ ಒಬ್ಬರ ಹಾಳೆ ಮುಗಿಯುವಲ್ಲಿ ಇನ್ನೊಬ್ಬರದ್ದು ಮುಗಿಯಬಾರದು. ಇವರದ್ದು ಇಲ್ಲಿ, ಅವರದ್ದು ಅಲ್ಲಿ, ಮತ್ತೊಬ್ಬರದ್ದು ಎರಡು ಸುತ್ತು ಆದ ಮೇಲೆ. ಪ್ರತಿ ಹಾಳೆಗೂ ಮನೆ ಎಣಿಸಿ, ಬೇರೆ ಬೇರೆ ಅಳತೆಗೆ ಗೆರೆ ಎಳೆಯಬೇಕು.

ಕೂತು ಕೂತು ಕಾಲು ಜೋಮು ಹಿಡಿಯಿತು. ಸಂಜೆ ಅಕ್ಕ ಕೆಲಸ ಹೇಗಿದೆ ಎಂದು ಕೇಳಿದಳು. ನಾನು ಬಾಯಿ ತೆರೆಯುವುದರೊಳಗೆ ನೋಟ್‌ಬುಕ್ ತಂದು ಮುಂದಿಟ್ಟಳು.

ಮಾರ್ಚ್ 14, ಶುಕ್ರವಾರ

ಲಾರಿ ಕಂಪನಿಯಿಂದ ಕಾಗದ ಬಂತು. ಇಪ್ಪತ್ತೊಂಬತ್ತು, ಬೆಳಿಗ್ಗೆ ಹತ್ತು ಗಂಟೆ. ಬದುಕಿದೆ.

ಮಾರ್ಚ್ 18, ಮಂಗಳವಾರ

ಊಟಕ್ಕೆ ಕೂತಾಗ, ಎಲ್ಲರಿಗೂ ಇಷ್ಟು ಕೆಲಸ ಯಾಕೆ ಹಂಚುತ್ತೀರಿ, ಸ್ವಲ್ಪ ಹೊತ್ತು ಯಾರಾದರೂ ಸುಮ್ಮನಿದ್ದರೆ ಏನಾಗುತ್ತದೆ ಎಂದು ಮೇಷ್ಟ್ರನ್ನು ಕೇಳಿದೆ. ನನಗೆ ಬರೆಯುವುದು ಕಡಿಮೆಯಾಗಲಿ ಎಂಬ ಆಸೆ, ಬೇರೇನಿಲ್ಲ.

ಮೇಷ್ಟ್ರು ಹುಡುಗನಾಗಿದ್ದಾಗ ಇದೇ ವಾದ್ಯವೃಂದದಲ್ಲಿ ಕಹಳೆ ಊದುತ್ತಿದ್ದರಂತೆ. ಕೆಲವು ರಚನೆಗಳಲ್ಲಿ ಮುಕ್ಕಾಲು ಗಂಟೆ ಕೂತರೆ ಕಹಳೆಗೆ ಎರಡು ಸ್ವರ. ಉಳಿದ ಹೊತ್ತು ಮನಸ್ಸಿನಲ್ಲೇ ಖಾಲಿ ಮನೆ ಎಣಿಸುತ್ತಾ ಕೂರಬೇಕು. ಒಂದು, ಎರಡು, ನೂರಾ ಹದಿನೆಂಟು. ಒಮ್ಮೆ ಆಕಳಿಕೆ ಬಂದು ಎಣಿಕೆ ತಪ್ಪಿ, ಆ ಎರಡು ಸ್ವರವೂ ತಪ್ಪಿಹೋಯಿತು. ಅವರಮ್ಮ ಹೊಸ ಸೀರೆ ಉಟ್ಟುಕೊಂಡು ಮಗ ಊದುವುದನ್ನು ಕೇಳಲು ಬಂದಿದ್ದ ದಿನವೇ.

"ಹನ್ನೆರಡು ವರ್ಷ ಹಾಗೇ ಕೂತೆ," ಅಂದರು. "ಆವತ್ತೇ ತೀರ್ಮಾನ ಮಾಡ್ದೆ. ನಾನು ಬರೆಯೋದ್ರಲ್ಲಿ ಯಾರನ್ನೂ ಸುಮ್ನೆ ಕೂರಿಸಲ್ಲ."

ನನಗೆ ನಗು ಬಂತು, ನಗಲಿಲ್ಲ. ಹನ್ನೆರಡು ವರ್ಷ! ನಾನಾಗಿದ್ದರೆ ಕಹಳೆಯನ್ನು ಕಡ್ಡಿ ಹಿಡಿದವರ ಕೈಗೇ ಕೊಟ್ಟು ಎದ್ದು ಬರುತ್ತಿದ್ದೆ.

ಮಾರ್ಚ್ 19, ಬುಧವಾರ

ಮುಗಿಸಿದೆ! ನಾಳೆ ಸಂಜೆಯವರೆಗೂ ಆಗುವುದಿಲ್ಲ ಅಂದುಕೊಂಡಿದ್ದೆ, ಇವತ್ತು ನಾಲ್ಕಕ್ಕೇ ಮುಗಿಯಿತು. ಬೇರೆ ಬೇರೆ ಅಳತೆ ಹಿಡಿದು ಸಾಯುವುದೇಕೆ ಎಂದು ಒಂದು ಅಚ್ಚು ಮಾಡಿಕೊಂಡೆ. ಎಲ್ಲ ಹಾಳೆಗೂ ಅದೇ. ಎದುರುಬದುರು ಎರಡು ಪುಟದಲ್ಲಿ ಹದಿನೈದು ಸುತ್ತು, ತಿರುವಿದರೆ ಇನ್ನು ಹದಿನೈದು. ಸರಿಯಾಗಿ ಅರ್ಧಕ್ಕೆ. ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಗೆರೆ ಗೆರೆಗೆ ಕೂರುತ್ತದೆ. ದೊಡ್ಡ ಪಿಟೀಲಿನವರದ್ದು ಹೇಗೂ ಎಂಟೇ ಮನೆ, ಒಂದೇ ಪುಟ, 'ಮೂವತ್ತು ಸಲ' ಎಂದು ಬರೆದರೆ ಆಯಿತು.

ತಿರುವುವ ಶಾಸ್ತ್ರ ಮನಸ್ಸಿನಲ್ಲಿತ್ತು. ಒಂದು ಹಾಳೆ ತಿರುವಲು ಎಷ್ಟು ಹೊತ್ತು ಬೇಕು? ಎರಡು ಕ್ಷಣ. ಅಷ್ಟಕ್ಕೆ ಆಕಾಶ ಬೀಳುತ್ತದೆಯೇ?

ಮೇಷ್ಟ್ರು ನೆಗಡಿ ಎಂದು ಬಂದಿರಲಿಲ್ಲ. ನೋಡಿದ್ದರೆ ಅಂದ ಮೆಚ್ಚುತ್ತಿದ್ದರು.

ಮಾರ್ಚ್ 21, ಶುಕ್ರವಾರ

ಬಿತ್ತು.

ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲರೂ ಕೂತರು. ಮೇಷ್ಟ್ರು ಇಸ್ತ್ರಿ ಹಾಕಿದ ಕೋಟು ತೊಟ್ಟು ಮೂರನೇ ಸಾಲಿನಲ್ಲಿ ಕೂತಿದ್ದರು, ನಾನು ಹಿಂದೆ ಬಾಗಿಲ ಹತ್ತಿರ ನಿಂತಿದ್ದೆ. ನಿರ್ದೇಶಕಿ ಕಡ್ಡಿ ಎತ್ತಿದರು. ಭಾವ ಮತ್ತು ಅವರ ಮೂವರು ಜೊತೆಗಾರರು ಎಂಟು ಮನೆ ಶುರು ಮಾಡಿದರು. ಅದರ ಮೇಲೆ ಪಿಟೀಲು ಬಂತು, ಅದರ ಮೇಲೆ ಕೊಳಲು, ಅದರ ಮೇಲೆ ಇನ್ನೇನೋ. ಹತ್ತನೇ ಸುತ್ತಿಗೆ ಎಲ್ಲ ಸೇರಿ ದಪ್ಪವಾಗಿ, ಬೆಚ್ಚಗೆ, ತುಪ್ಪ ಕಾಯಿಸಿದ ಹಾಗೆ ಹರಡಿಕೊಂಡಿತು. ನಿರ್ದೇಶಕಿಯ ಮುಖ ಮಾತ್ರ ಕಹಿ ಔಷಧ ಕುಡಿದ ಹಾಗೇ ಇತ್ತು.

ಹದಿನೈದನೇ ಸುತ್ತು ಮುಗಿಯಿತು. ಸಭಾಂಗಣದ ಉದ್ದಕ್ಕೂ ಪಾರಿವಾಳದ ಹಿಂಡು ಎದ್ದ ಹಾಗೆ ಸದ್ದಾಯಿತು. ಎಲ್ಲರೂ ಒಂದೇ ಸಲ ಹಾಳೆ ತಿರುವುತ್ತಿದ್ದರು. ಊದುವವರೆಲ್ಲ ಊದುವುದನ್ನು ನಿಲ್ಲಿಸಿದರು. ಪಿಟೀಲಿನವರಲ್ಲಿ ಅರ್ಧ ಜನ ನಿಲ್ಲಿಸಿದರು. ಉಳಿದರ್ಧಕ್ಕೆ ಏನೋ ಎಡವಟ್ಟಾಗಿದೆ ಅನಿಸಿ, ನಿಲ್ಲಿಸಿದವರನ್ನು ನೋಡಿ ಅವರೂ ನಿಲ್ಲಿಸಿದರು.

ತಿರುವುವ ಹಾಳೆ ಇಲ್ಲದವರು ನಾಲ್ಕೇ ಜನ. ಭಾವ ತಲೆ ಕೂಡ ಎತ್ತಲಿಲ್ಲ. ಹದಿನೈದು ಸಲ ನುಡಿಸಿದ್ದನ್ನೇ ಹದಿನಾರನೇ ಸಲ ನುಡಿಸುತ್ತಿದ್ದರು. ಅಷ್ಟು ದೊಡ್ಡ ಸಭಾಂಗಣದಲ್ಲಿ ಅದೊಂದೇ, ಕೆಳಗೆ, ಮೆಲ್ಲಗೆ. ಇಷ್ಟು ಹೊತ್ತೂ ಅದು ಅಲ್ಲಿತ್ತು ಎಂದು ನನಗೆ ಆಗಲೇ ಗೊತ್ತಾದದ್ದು. ನಾನೇ ಬರೆದ ಹಾಳೆ ಅದು. ನಡುವೆ ಬಿಟ್ಟವರಿಗೆ ಎಲ್ಲಿಂದ ಸೇರಿಕೊಳ್ಳಬೇಕೆಂದು ತಿಳಿಯದೆ, ಮುಂದಿನ ಸುತ್ತು ಶುರುವಾಗಲಿ ಎಂದು ವಾದ್ಯ ಎತ್ತಿ ಹಿಡಿದು ಕಾಯುತ್ತಿದ್ದರು. ನಿರ್ದೇಶಕಿಯ ಕಡ್ಡಿ ನಿಲ್ಲಲಿಲ್ಲ. ಎಂಟು ಮನೆ ಮುಗಿದದ್ದೇ ಐವತ್ತಾರು ಜನ ಒಟ್ಟಿಗೆ ಒಳಗೆ ಬಂದರು. ನನ್ನ ಬೆನ್ನ ಹಿಂದಿನ ಬಾಗಿಲು ಅದುರಿತು.

ಮುಗಿದ ಮೇಲೆ ನಿರ್ದೇಶಕಿ ಕಡ್ಡಿ ಕೆಳಗಿಟ್ಟರು. ಆಮೇಲೆ ತಿರುಗಿ, "ಆ ಹದಿನಾರನೇ ಸುತ್ತು ಮೇಷ್ಟ್ರೇ... ಎಲ್ಲರನ್ನೂ ತೆಗೆದುಬಿಟ್ರಲ್ಲ. ಇಷ್ಟು ಜನರನ್ನ ಯಾಕೆ ಹಾಕಿದ್ರಿ ಅಂತ ನನಗೆ ಆವಾಗ ಅರ್ಥ ಆಯ್ತು," ಅಂದರು.

ಮೇಷ್ಟ್ರು ಎದ್ದು ನಿಂತರು. ಹೌದು ಅಂದಿದ್ದರೆ ಅಲ್ಲಿಗೆ ಎಲ್ಲ ಸರಿಹೋಗುತ್ತಿತ್ತು. ಅವರು ಹೌದು ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ನನ್ನ ಹೆಸರನ್ನೂ ಹೇಳಲಿಲ್ಲ. ಅದಕ್ಕೇ ತಡೆಯಲಾಗಲಿಲ್ಲ.

"ಅದು ಮೇಷ್ಟ್ರು ಬರೆದಿದ್ದಲ್ಲ ಮೇಡಂ," ಅಂದೆ. "ನಾನು ಬೇಗ ಮುಗಿಸೋಣ ಅಂತ ಎಲ್ಲರ ಹಾಳೆನೂ ಒಂದೇ ಕಡೆ ತಿರುವೋ ಹಾಗೆ ಮಾಡ್ದೆ."

ನಗಾರಿಯವರು ಮೊದಲು ನಕ್ಕರು, ಆಮೇಲೆ ಅರವತ್ತು ಜನ. ಭಾವ ವಾದ್ಯದ ಹಿಂದೆ ಅವಿತುಕೊಂಡರು. ಅದು ಅವರಿಗಿಂತ ಎತ್ತರ ಇರುವುದು ಇಂಥದ್ದಕ್ಕೆ ಅನುಕೂಲ.

ನಿರ್ದೇಶಕಿ ನಗಲಿಲ್ಲ. ತಪ್ಪು ಯಾರದ್ದಾದರೂ ಇರಲಿ, ಆ ಸುತ್ತು ಹಾಗೇ ಇರಬೇಕು, ಹಾಳೆಯ ಸದ್ದು ಮಾತ್ರ ಬೇಡ, ಹಾಗೆ ಬರೆದುಕೊಟ್ಟರೆ ಕಾರ್ಯಕ್ರಮಕ್ಕೆ ಇದೇ, ಇಲ್ಲದಿದ್ದರೆ ಎಂಟು ಜನ ಅಂದರು. ಸೋಮವಾರ ಸಂಜೆಯೊಳಗೆ ಹೇಳಬೇಕು.

"ಐವತ್ತಾರು ಜನರನ್ನ ಕೈಕಟ್ಟಿ ಕೂರಿಸೋಕೆ ನಾನು ಬರೆಯಲ್ಲ," ಎಂದು ಮೇಷ್ಟ್ರು ಕೋಟಿನ ಗುಂಡಿ ಹಾಕಿಕೊಂಡು ಹೊರಟೇಹೋದರು.

ಮಾರ್ಚ್ 22, ಶನಿವಾರ

ಅಕ್ಕ ಬಯ್ಯಲಿಲ್ಲ. ಇದು ಒಳ್ಳೆಯ ಲಕ್ಷಣವಲ್ಲ.

ಭಾವ ಮಾತ್ರ ತಾವು ಇಪ್ಪತ್ತೆರಡು ವರ್ಷದಿಂದ ನುಡಿಸುತ್ತಿದ್ದರೂ ಜನ ತಮ್ಮ ಕಡೆ ತಿರುಗಿ ನೋಡಿದ್ದು ನಿನ್ನೆಯೇ ಅಂದರು. ಅದನ್ನು ಮೂರು ಸಲ ಅಂದರು. ಮೂವತ್ತು ಸಲ ಆಗುವ ಮೊದಲು ನಿಲ್ಲಿಸಿ ಎಂದು ಅಕ್ಕ ಎದ್ದು ಹೋದಳು.

ಮಾರ್ಚ್ 24, ಸೋಮವಾರ

ಹೇಗೂ ಕೆಲಸ ಹೋಯಿತು, ಲಾರಿ ಇದ್ದೇ ಇದೆ, ಪೆನ್ನು ಕೊಟ್ಟು ಬರೋಣ ಎಂದು ಹೋದೆ. ಮೇಷ್ಟ್ರು ದೊಡ್ಡ ಪ್ರತಿಯನ್ನು ದಾರದಿಂದ ಕಟ್ಟುತ್ತಿದ್ದರು. ಗೋಡೆಯಲ್ಲಿ ಅದಕ್ಕೆ ಜಾಗವೂ ಮಾಡಿಟ್ಟಿದ್ದರು. ಗಂಟಿನ ಮೇಲೆ ಬೆರಳಿಡು ಅಂದರು, ಇಟ್ಟೆ. ಕ್ಷಮೆ ಕೇಳಬೇಕೆಂದುಕೊಂಡಿದ್ದೆ. ಬಾಯಿಂದ ಬೇರೆಯೇ ಬಂತು.

"ಮೇಷ್ಟ್ರೇ, ನಾನು ಹಿಂದೆ ನಿಂತು ನೋಡ್ತಿದ್ದೆ. ಆ ಎಂಟು ಮನೆ ಮುಗಿಯೋವರೆಗೂ ಒಬ್ಬರೂ ಆಕಳಿಸಲಿಲ್ಲ."

ಅವರು ದಾರ ಎಳೆಯುವುದನ್ನು ನಿಲ್ಲಿಸಿದರು.

"ಕೊಳಲಿನ ಅಕ್ಕ ಇದ್ದಾರಲ್ಲ, ಅವರು ಕೊಳಲನ್ನ ತುಟಿ ಹತ್ರ ಹಿಡ್ಕೊಂಡು ಭಾವನ ಕೈನೇ ನೋಡ್ತಿದ್ರು. ತುತ್ತೂರಿಯವರ ಕಾಲು ತಾಳ ಹಾಕ್ತಿತ್ತು. ಎಲ್ಲರೂ ಒಳಗೆ ಬರೋಕೆ ತುದಿಗಾಲಲ್ಲಿ ಇದ್ರು. ಸುಮ್ನೆ ಕೂತವರ ಥರ ಇರ್ಲಿಲ್ಲ ಮೇಷ್ಟ್ರೇ."

"ಐದು ಕೆಲಸ ಬಿಟ್ಟೋನು ನೀನು. ಕಾಯೋದು ಹೇಗೆ ಅಂತ ನನಗೆ ಹೇಳಿಕೊಡ್ತೀಯಾ?"

"ಇದನ್ನೂ ಸೇರಿಸಿದ್ರೆ ಆರು," ಅಂದೆ.

ಕಿಟಕಿಯ ಹೊರಗೆ ಯಾರೋ ಕುರ್ಚಿಗಳನ್ನು ತಂದು ಜೋಡಿಸುತ್ತಿದ್ದರು, ಎಣಿಸಿದರೆ ಹದಿನಾಲ್ಕು ಇದ್ದವು. ಮೇಷ್ಟ್ರೂ ಅವನ್ನೇ ನೋಡುತ್ತಿದ್ದರು. ಆಮೇಲೆ, "ನಂಬರ್ ಪ್ಲೇಟು, ಬೆರಳು ತೆಗಿ," ಅಂದರು. ಗಂಟು ಬಿಚ್ಚಿದರು.

ಹದಿನಾರನೇ ಸುತ್ತಿನ ಎಂಟು ಮನೆ ಅಳಿಸಲು ಒಂದೂವರೆ ಗಂಟೆ ತೆಗೆದುಕೊಂಡರು. ಪ್ರತಿಯೊಬ್ಬರ ಸಾಲಿನ ಮುಂದೆಯೂ ರಬ್ಬರು ಹಿಡಿದು ನಿಲ್ಲುತ್ತಿದ್ದರು. ಕಹಳೆಯ ಸಾಲನ್ನು ಕೊನೆಗೆ ಇಟ್ಟುಕೊಂಡಿದ್ದರು. ಅದನ್ನು ನೀನೇ ಅಳಿಸು ಎಂದು ರಬ್ಬರು ನನಗೆ ಕೊಟ್ಟರು.

ಐದೂವರೆಗೆ ಹೋಗಿ ನಿರ್ದೇಶಕಿಗೆ ಹೇಳಿ ಬಂದೆ. ಕುರ್ಚಿಗಳನ್ನು ವಾಪಸ್ ಒಯ್ದರು.

ಮಾರ್ಚ್ 27, ಗುರುವಾರ

ತಪ್ಪು ಮಾಡುವುದು ಸುಲಭ, ಅದನ್ನು ಸರಿಯಾಗಿ ಮಾಡುವುದು ಎಷ್ಟು ಕಷ್ಟ!

ಈಗ ಹದಿನಾರನೇ ಸುತ್ತಿನ ಸುತ್ತಮುತ್ತ ಒಬ್ಬರೂ ಹಾಳೆ ಮುಟ್ಟಬಾರದು. ಎಲ್ಲರ ತಿರುವನ್ನೂ ಬೇರೆಬೇರೆ ಕಡೆಗೆ, ಜೋರಾಗಿ ನುಡಿಸುತ್ತಿರುವ ಕಡೆಗೆ ಒಯ್ಯಬೇಕು, ಸದ್ದು ಅಲ್ಲಿ ಮುಳುಗಿಹೋಗಬೇಕು. ಪಿಟೀಲಿನವರದ್ದು ಹೇಗೋ ಆಗುತ್ತದೆ. ಊದುವವರಿಗೆ ಪ್ರತಿಯೊಬ್ಬರಿಗೂ ಒಂದಾದರೂ ಖಾಲಿ ಮನೆ ಬೇಕು, ಮೇಷ್ಟ್ರು ಒಂದೂ ಇಟ್ಟಿಲ್ಲ.

ಇಡೀ ದಿನ ಅವರ ಹತ್ತಿರ ರಜೆ ಕೇಳುವುದೇ ಆಯಿತು. ಎರಡನೇ ಕೊಳಲಿಗೆ ಒಂಬತ್ತನೇ ಸುತ್ತಿನಲ್ಲಿ ಒಂದು ಮನೆ ಬಿಡಿ ಎಂದರೆ, ಅರ್ಧ ಮನೆ ಸಾಲದೇ ಅನ್ನುತ್ತಾರೆ. ಅರ್ಧ ಮನೆಯಲ್ಲಿ ಅರ್ಧ ಹಾಳೆ ತಿರುಗುತ್ತದೆ ಎಂದೆ. ತುತ್ತೂರಿಗೆ ಇಪ್ಪತ್ತೆರಡರಲ್ಲಿ ಕೊಟ್ಟರು. ನಗಾರಿಗೆ ಕೊಡಲಿಲ್ಲ, ಅವರಿಗೆ ಕೈ ಉದ್ದ ಇದೆಯಂತೆ. ಸಂಜೆಗೆ ಒಟ್ಟು ಹನ್ನೊಂದು ಮನೆ ರಜೆ ಮಂಜೂರಾಯಿತು. ಹನ್ನೊಂದನೆಯದಕ್ಕೆ ಸಹಿ ಒಂದು ಹಾಕಿಸಿಕೊಳ್ಳುವುದು ಬಾಕಿ ಇತ್ತು.

ಏಳನೇ ಸುತ್ತಿನಲ್ಲಿ ಎರಡನೇ ಪಿಟೀಲಿನ ಸಾಲು ಮೇಷ್ಟ್ರು ತಪ್ಪು ಬರೆದಿದ್ದರು. ಕೆಳಗಿನ ಎಂಟು ಮನೆಗೆ ಅದು ಕೂರುವುದಿಲ್ಲ ಎಂದು ತೋರಿಸಿದೆ. ಕನ್ನಡಕ ಏರಿಸಿ ನೋಡಿದರು, ತಿದ್ದಿದರು, ಆಮೇಲೆ ನನ್ನನ್ನೂ ಅದೇ ಕನ್ನಡಕದಿಂದ ನೋಡಿದರು. ನೆಗಡಿ ಇನ್ನೂ ಪೂರ್ತಿ ಹೋಗಿಲ್ಲ ಅನಿಸುತ್ತದೆ.

ಏಪ್ರಿಲ್ 1, ಮಂಗಳವಾರ

ನಲವತ್ತೊಂದು ಹಾಳೆಯಲ್ಲಿ ಮೂವತ್ತೆಂಟು ಮುಗಿದಿವೆ. ಕೊಳಲಿನ ಅಕ್ಕ ತಮ್ಮ ಹಾಳೆ ನೋಡಿ, ತಿರುವು ಎಷ್ಟು ಸಲೀಸಾಗಿದೆ, ಬೆಣ್ಣೆ ಹಾಗಿದೆ ಅಂದರು. ಇರಲಿ.

ಮಧ್ಯಾಹ್ನ ಅಕ್ಕ ಕೋಣೆಗೇ ಬಂದಿದ್ದಳು, ಕೈಯಲ್ಲಿ ಒಂದು ಕಾಗದ. ಒಗೆಯಲು ಹಾಕಿದ ಪ್ಯಾಂಟಿನ ಜೇಬಿನಲ್ಲಿ ಸಿಕ್ಕಿತಂತೆ. ಇಪ್ಪತ್ತೊಂಬತ್ತನೇ ತಾರೀಕು ಯಾವಾಗಲೋ ಕಳೆದುಹೋಗಿದೆ. ನೋಡಿ ನನಗೇ ದಿಗಿಲಾಯಿತು. ಶನಿವಾರ ಬೆಳಿಗ್ಗೆ ಹತ್ತಕ್ಕೆ ನಾನು ಎಲ್ಲಿದ್ದೆ ಎಂದು ಯೋಚಿಸಿದೆ. ಮೂರನೇ ತುತ್ತೂರಿಯ ಹತ್ತೊಂಬತ್ತನೇ ಸುತ್ತಿನಲ್ಲಿದ್ದೆ.

ಬಯ್ಯುತ್ತಾಳೆ ಎಂದು ತಲೆ ತಗ್ಗಿಸಿದೆ. ಅಕ್ಕ ಕಾಗದ ಮಡಚಿ ಪರ್ಸಿಗೆ ಹಾಕಿಕೊಂಡಳು. "ಊಟಕ್ಕೆ ಬೇಗ ಬಾ," ಅಂದಳು. ಅಷ್ಟೇ.

ಮರೆವು ಜಾಸ್ತಿಯಾಗಿದೆ ನನಗೆ. ಸರಿಯಾಗಿ ನಿದ್ದೆ ಮಾಡಬೇಕು.

ಏಪ್ರಿಲ್ 5, ಶನಿವಾರ

ಸಂಜೆ ಆರಕ್ಕೆ ಶುರು. ಐದಕ್ಕೇ ಎಲ್ಲ ಸ್ಟ್ಯಾಂಡಿಗೂ ಹಾಳೆ ಇಟ್ಟು, ಪ್ರತಿಯೊಂದನ್ನೂ ಒಮ್ಮೆ ತಿರುವಿ ನೋಡಿ ಬಂದೆ. ಮೇಷ್ಟ್ರು ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತರು. ಮುಂದೆ ಕೂತರೆ ಜನ ನೋಡುತ್ತಾರೆ ಅಂದರು. ಹಿಂದೆ ಕೂತರೂ ತಿರುಗಿ ನೋಡುತ್ತಿದ್ದರು. ಅಕ್ಕ ನಮ್ಮ ಮುಂದಿನ ಸಾಲಿನಲ್ಲಿ.

ಮೊದಲ ಸುತ್ತಿನಿಂದಲೇ ನಾನು ಹಾಳೆ ಕೇಳುತ್ತಿದ್ದೆ. ಎಂಟರಲ್ಲಿ ಪಿಟೀಲಿನ ಒಂದು ಕಡೆ, ಒಂಬತ್ತರಲ್ಲಿ ಎರಡನೇ ಕೊಳಲು, ಹನ್ನೊಂದರಲ್ಲಿ ಕಹಳೆ. ಒಂದು ತಿರುವೂ ಕಿವಿಗೆ ಬೀಳಲಿಲ್ಲ. ಸಂಗೀತ ಏರುತ್ತಾ, ತುಂಬುತ್ತಾ ಹೋಯಿತು. ಏಳಲ್ಲ, ಎಪ್ಪತ್ತು ಕಂಬಳಿ ಇರಲಿ, ಹಿತವಾಗಿಯೇ ಇತ್ತು.

ಹದಿನೈದು ಮುಗಿಯಿತು. ಐವತ್ತಾರು ಜನ ನಿಲ್ಲಿಸಿದರು.

ಒಂದು ಹಾಳೆಯೂ ಸದ್ದು ಮಾಡಲಿಲ್ಲ. ಭಾವ ಮತ್ತು ಮೂವರು, ಅವರ ಎಂಟು ಮನೆ, ಅಷ್ಟೇ. ವೇದಿಕೆಯ ಮೇಲೆ ಯಾರೂ ಅಲುಗಲಿಲ್ಲ. ಕಹಳೆಯವನು ಕಹಳೆಯನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದ.

ಮೇಷ್ಟ್ರ ತುಟಿ ಅಲ್ಲಾಡುತ್ತಿತ್ತು, ಎಣಿಸುತ್ತಿದ್ದರು. ಅರ್ಧ ದಾರಿಯಲ್ಲಿ ತುಟಿ ನಿಂತುಬಿಟ್ಟಿತು. ನನ್ನ ಮಣಿಕಟ್ಟು ಹಿಡಿದುಕೊಂಡರು.

"ಎಷ್ಟನೇದು?" ಅಂದರು, ಉಸಿರಿನಲ್ಲಿ.

"ಆರು," ಅಂದೆ.

ಕಹಳೆಯವನು ಕಹಳೆ ಎತ್ತಿಕೊಂಡ.

"ಏಳು."

ಎಂಟು ಅಂತ ನಾನು ಹೇಳಲಿಲ್ಲ. ಅವರ ಹಿಡಿತ ಬಿಗಿಯಾಗಿದ್ದರಿಂದ ಅವರಿಗೆ ಗೊತ್ತಾಗಿದೆ ಎಂದು ತಿಳಿಯಿತು. ಆಮೇಲೆ ಎಲ್ಲರೂ ಬಂದರು.